ನಾಯಿಯನ್ನು ಟ್ರೇನಿಂಗ್‌ಗೆ ಬಿಡುವ ಮುಂಚೆ, ಕುತ್ತಿಗೆಗೆ ಏನು ಕಟ್ಟುತ್ತಾರೆ ಅಂತ ಕೇಳಿ

ನಾಯಿಯನ್ನು ಕೆಲವು ವಾರ ಟ್ರೇನಿಂಗ್ ಸೆಂಟರಿನಲ್ಲೇ ಬಿಟ್ಟು ಬರುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ. ನಮ್ಮ ಚಿಗರಿಗೆ ಆದದ್ದು ಬೇರೆ ಯಾವ ನಾಯಿಗೂ ಆಗಬಾರದು.

ಚಿಗರಿ ಮುಧೋಳ ತಳಿಯವಳು. ಸೈಕಲ್, ಬೆಕ್ಕು, ಓಡುವ ಮಕ್ಕಳು, ಏನು ಕಂಡರೂ ಬೆನ್ನು ಹತ್ತುತ್ತಿದ್ದಳು. ಕಣ್ಣಿಂದ ನೋಡಿ ಬೇಟೆ ಹಿಡಿಯುವ ತಳಿ ಅದು, ಹಾಗಾಗಿ ಇದು ಹಟವಲ್ಲ, ಹುಟ್ಟುಗುಣ. ಬೆಂಗಳೂರಿನ ಹೊರವಲಯದ ಒಂದು ಸೆಂಟರಿನವರು "ನಾವು ಹೊಡೆಯೋದಿಲ್ಲ ಸಾರ್, ಪ್ರೀತಿಯಿಂದಲೇ ಕಲಿಸ್ತೀವಿ" ಅಂದರು. ಹಣ ಪೂರ್ತಿ ಮೊದಲೇ ಕಟ್ಟಿಸಿಕೊಂಡರು. ನಡುವೆ ಒಮ್ಮೆ ನೋಡಿ ಹೋಗುತ್ತೇವೆ ಅಂದರೆ, "ನಿಮ್ಮನ್ನು ನೋಡಿದ್ರೆ ಕಲಿತದ್ದೆಲ್ಲ ಮರೆತುಬಿಡುತ್ತೆ" ಅಂದರು. ವಾಟ್ಸಾಪ್‌ನಲ್ಲಿ ವಿಡಿಯೊ ಬರುತ್ತಿತ್ತು. ಎಲ್ಲದರಲ್ಲೂ ಅವಳ ಕುತ್ತಿಗೆಗೆ ಬಣ್ಣದ ಕರ್ಚೀಫ್ ಕಟ್ಟಿರುತ್ತಿತ್ತು.

ಮನೆಗೆ ಬಂದವಳು ಹೇಳಿದ್ದೆಲ್ಲ ಕೇಳಿದಳು. ಕೂರು ಅಂದರೆ ಕೂತಳು, ಬಾ ಅಂದರೆ ಬಂದಳು. ಆದರೆ ಬಾಲ ಹೊಟ್ಟೆಯಡಿ ಸೇರಿಕೊಂಡಿತ್ತು. ಟಿವಿ ರಿಮೋಟ್ ಕೈಗೆ ತೆಗೆದುಕೊಂಡರೆ ನೆಲಕ್ಕೆ ಒರಗಿ ಉಚ್ಚೆ ಹೊಯ್ದುಬಿಡುತ್ತಿದ್ದಳು. ಸ್ನಾನ ಮಾಡಿಸುವಾಗ ನನ್ನ ಹೆಂಡತಿಯ ಕೈಗೆ ಗಂಟಲ ಹತ್ತಿರ ಏನೋ ತಗುಲಿತು. ಎರಡು ಸಣ್ಣ ಹುಣ್ಣು, ಅಕ್ಕಪಕ್ಕದಲ್ಲಿ. ಡಾಕ್ಟರ್ ನೋಡಿದ ಕೂಡಲೇ ಶಾಕ್ ಕಾಲರ್ ಗುರುತು ಅಂದರು. ದೂರದಿಂದ ರಿಮೋಟ್ ಬಟನ್ ಒತ್ತಿದರೆ ನಾಯಿಯ ಕುತ್ತಿಗೆಗೆ ಕರೆಂಟ್ ಹೊಡೆಯುವ ಪಟ್ಟಿ ಅದು.

ಕರೆಂಟಿನಿಂದ ಸುಟ್ಟ ಗಾಯ ಅಂತ ನಾವು ಅಂದುಕೊಂಡಿದ್ದೆವು. ಇಂಥ ಹುಣ್ಣು ಹೆಚ್ಚಾಗಿ ಒತ್ತಡದಿಂದ ಆಗುವುದು ಎಂದು ಡಾಕ್ಟರ್ ವಿವರಿಸಿದರು. ಆ ಕಾಲರಿನಲ್ಲಿ ಎರಡು ಲೋಹದ ಮೊನೆಗಳಿರುತ್ತವೆ. ಅವು ಚರ್ಮಕ್ಕೆ ತಾಗಿಕೊಂಡೇ ಇರಬೇಕು, ಇಲ್ಲದಿದ್ದರೆ ಶಾಕ್ ತಲುಪುವುದಿಲ್ಲ. ಗಂಟೆಗಟ್ಟಲೆ ಬಿಗಿಯಾಗಿ ಕಟ್ಟಿಟ್ಟರೆ ಚರ್ಮ ಕೊಳೆಯಲು ಶುರುವಾಗುತ್ತದೆ. ಮುಧೋಳಕ್ಕೆ ಕೂದಲು ಗಿಡ್ಡ, ಚರ್ಮ ತೆಳು. ಹುಣ್ಣಾಗಿದೆ ಅಂದರೆ ತುಂಬ ಹೊತ್ತು ಆ ಕಾಲರನ್ನು ಬಿಚ್ಚಿಯೇ ಇರಲಿಲ್ಲ.

ಹುಣ್ಣು ಮಾಯಿತು. ಅದಕ್ಕಿಂತ ಕೆಟ್ಟದ್ದು ಆಮೇಲೆ ಕಂಡಿತು. ಎದುರುಮನೆ ಹುಡುಗನ ಕೈಯಿಂದ ಬಿಸ್ಕತ್ತು ತಿನ್ನುತ್ತಿದ್ದವಳು, ಅವನು ಸೈಕಲ್ ಮೇಲೆ ಬಂದಾಗ ಗುರ್ ಅನ್ನದೆ ನೇರ ಬಾಯಿ ಹಾಕಿದಳು. ಪ್ಯಾಂಟ್ ಹರಿಯಿತು, ಪುಣ್ಯಕ್ಕೆ ಹಲ್ಲು ತಾಗಲಿಲ್ಲ. ದೂರದಲ್ಲಿ ಯಾರೋ ಬಟನ್ ಒತ್ತಿದರು ಅಂತ ನಾಯಿಗೆ ಹೇಗೆ ಗೊತ್ತಾಗಬೇಕು? ನೋವಾದ ಕ್ಷಣ ಎದುರಿಗೆ ಕಂಡದ್ದೇ ನೋವಿಗೆ ಕಾರಣ ಅಂತ ಅದು ತಿಳಿಯಬಹುದು. ಸೈಕಲ್ ಕಂಡಾಗಲೆಲ್ಲ ಶಾಕ್ ತಿಂದವಳಿಗೆ ಸೈಕಲ್ಲೇ ಶತ್ರು. ಗುರ್ ಅಂದಾಗಲೂ ಶಾಕ್ ಕೊಟ್ಟರೆ ಗುರ್ ಅನ್ನುವುದು ನಿಲ್ಲುತ್ತದೆ, ಒಳಗಿನ ಭಯ ನಿಲ್ಲುವುದಿಲ್ಲ. ಮಕ್ಕಳಿರುವ ಮನೆಯವರು ಇದೊಂದನ್ನು ಮರೆಯಬೇಡಿ.

ಫೋನ್ ಮಾಡಿ ಕೇಳಿದರೆ ಸೆಂಟರಿನವರು, "ಅದು ಶಾಕ್ ಅಲ್ಲ ಸಾರ್, ಸ್ಟಿಮ್ಯುಲೇಷನ್. ಇಂಥ ನಾಯಿಗಳು ಬೇರೆ ಥರ ಕಲಿಯೋದೇ ಇಲ್ಲ" ಅಂದರು. ಇದು ಶುದ್ಧ ಸುಳ್ಳು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಕರೆದಾಗ ಬಾರದ, ಬೆನ್ನಟ್ಟುವ ಚಾಳಿಯ 63 ನಾಯಿಗಳನ್ನೇ ಇಟ್ಟುಕೊಂಡು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ತಿಂಡಿ, ಮೆಚ್ಚುಗೆಯಿಂದ ಕಲಿತ ನಾಯಿಗಳು ಯಾವುದರಲ್ಲೂ ಹಿಂದೆ ಬೀಳಲಿಲ್ಲ, ಕೆಲವು ವಿಷಯಗಳಲ್ಲಿ ಮುಂದೆಯೇ ಇದ್ದವು. ವೇಲ್ಸ್‌ನಲ್ಲಂತೂ ಈ ಕಾಲರನ್ನು 2010ರಲ್ಲೇ ನಿಷೇಧಿಸಿದ್ದಾರೆ.

ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಅದರ 11ನೇ ಸೆಕ್ಷನ್ ಪ್ರಕಾರ ಸುಮ್ನೆ ನೋವು ಕೊಡುವುದು ಅಪರಾಧವೇ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಅಷ್ಟಕ್ಕೆ ಯಾರು ಹೆದರುತ್ತಾರೆ? ಅದಕ್ಕೇ ನಾವೇ ಮೊದಲು ನೋಡಿಕೊಳ್ಳಬೇಕು, ಅಲ್ವಾ?

"ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ" ಅಂತ ನೇರವಾಗಿ ಕೇಳಿ. ಯಾವ ಕಾಲರ್ ಬಳಸುತ್ತಾರೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಮೊದಲೇ ತಿಳಿಸದೆ ನೀವು ಹೋದರೂ ಒಳಗೆ ಬಿಡುತ್ತಾರಾ ನೋಡಿ. ಬಿಡದಿದ್ದರೆ ವಾಪಸ್ ಬನ್ನಿ. ಸಾಧ್ಯವಾದರೆ ನಿಮ್ಮ ಮನೆಗೇ ಬಂದು ನಿಮ್ಮೆದುರೇ ಕಲಿಸುವವರನ್ನು ಹುಡುಕಿ. ಈಗಾಗಲೇ ಬಿಟ್ಟು ಬಂದಿದ್ದರೆ ಇವತ್ತೇ ಹೋಗಿ, ಗಂಟಲ ಕೆಳಗಿನ ಕೂದಲು ಸರಿಸಿ ನೋಡಿ. ಗುರುತಿದ್ದರೆ ಫೋಟೊ ತೆಗೆದು, ಡಾಕ್ಟರ ಹತ್ತಿರ ಬರೆಸಿಕೊಂಡು, ನಾಯಿಯನ್ನು ಮನೆಗೆ ಕರೆತನ್ನಿ. ಹಣದ ಜಗಳ ಆಮೇಲೆ ಆಡಬಹುದು.