ಕೆಪಿಎಸ್‌ಗೆ ಮಗಳನ್ನು ಸೇರಿಸಿ ಒಂದು ವರ್ಷ: ಶಾಲೆ ಚೆನ್ನಾಗಿದೆ, ದಾರಿಯದ್ದೇ ಕಷ್ಟ

ನಮ್ಮೂರ ಶಾಲೆಯಲ್ಲಿ ಐದನೇ ತರಗತಿವರೆಗೆ ಮಾತ್ರ ಇದೆ. ಹಾಗಾಗಿ ಹೋದ ವರ್ಷ ಮಗಳನ್ನು ಹೋಬಳಿಯ ಕರ್ನಾಟಕ ಪಬ್ಲಿಕ್ ಶಾಲೆಗೆ (ಕೆಪಿಎಸ್) ಆರನೇ ತರಗತಿಗೆ ಸೇರಿಸಿದೆವು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಹೈಸ್ಕೂಲಿಗೆ ಮತ್ತೊಂದು ಶಾಲೆ ಹುಡುಕಿಕೊಂಡು ಟಿಸಿ ಹಿಡಿದು ಓಡಾಡಬೇಕಿಲ್ಲ. ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಒಬ್ಬರು ಮೇಷ್ಟ್ರಿದ್ದಾರೆ. ಊರಲ್ಲಿ ಐದು ತರಗತಿಗೆ ಇಬ್ಬರೇ, ಅದರಲ್ಲಿ ಒಬ್ಬರು ಮೀಟಿಂಗಿಗೆ ಹೋದರೆ ಆ ದಿನದ ಪಾಠ ಮುಗಿದ ಹಾಗೆ. ಮಗಳು ಈಗ ಮನೆಗೆ ಬಂದು ಪ್ರಯೋಗದ ಕಥೆ ಹೇಳುತ್ತಾಳೆ, ನನಗೆ ನಿಜವಾಗಿಯೂ ಖುಷಿ.

ಆದರೆ ಶಾಲೆ ಐದೂವರೆ ಕಿಲೋಮೀಟರ್ ದೂರ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ಸರಿ, ಬಸ್ಸು ಬರಬೇಕಲ್ವಾ? ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು, ಆಮೇಲಿನದು ಹತ್ತೂವರೆಗೆ. ಕೊನೆಗೆ ನಾಲ್ಕು ಮನೆಯವರು ಸೇರಿ ಆಟೋ ಗೊತ್ತು ಮಾಡಿದೆವು, ತಿಂಗಳಿಗೆ ಒಂದು ಮಗುವಿಗೆ 900 ರೂಪಾಯಿ. ಕೂಲಿಗೆ ಹೋಗುವ ಪಕ್ಕದ ಮನೆಯವರಿಗೆ ಅದು ಆಗಲಿಲ್ಲ, ಅವರ ಮಗಳು ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ತಪ್ಪಿಸುತ್ತಿದ್ದಳು.

2025-26ರ ರಾಜ್ಯ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2,500 ಕೋಟಿ ರೂಪಾಯಿಯಲ್ಲಿ 500 ಹೊಸ ಕೆಪಿಎಸ್ ಮಾಡುತ್ತೇವೆ ಅಂದರು. ಲೆಕ್ಕ ಹಾಕಿದರೆ ಶಾಲೆಗೆ ಸರಾಸರಿ 5 ಕೋಟಿ. ಕಟ್ಟಡ ಒಂದು ಸಲ ಕಟ್ಟಿದರೆ ಆಯಿತು, ಆದರೆ ಮಕ್ಕಳನ್ನು ಕರೆತರುವ ವ್ಯಾನಿನ ಡೀಸೆಲ್ಲು, ಡ್ರೈವರ್ ಸಂಬಳ, ಮೇಷ್ಟ್ರ ಸಂಬಳ ಇವೆಲ್ಲ ಪ್ರತಿ ತಿಂಗಳೂ ಬೇಕು, ಆ ದುಡ್ಡನ್ನು ಮೊದಲೇ ತೆಗೆದಿಡದೆ ಸುತ್ತಲಿನ ಮಕ್ಕಳನ್ನೆಲ್ಲ ಒಂದೇ ಕಡೆ ಸೇರಿಸಿದರೆ ಖರ್ಚು ಅಪ್ಪ ಅಮ್ಮಂದಿರ ತಲೆಗೇ ಬರುತ್ತದೆ. ನಮ್ಮ ಮಗಳ ಇಂಗ್ಲಿಷ್ ಪಾಠಕ್ಕೆ ಅತಿಥಿ ಶಿಕ್ಷಕರು ಬಂದಿದ್ದೇ ಆಗಸ್ಟ್‌ನಲ್ಲಿ.

ದೊಡ್ಡ ಮಕ್ಕಳಿದ್ದರೆ ಧೈರ್ಯವಾಗಿ ಸೇರಿಸಿ. ಟಿಸಿ ತೆಗೆಯುವ ಮುಂಚೆ ಬಸ್ಸಿನ ಟೈಮು ಮಾತ್ರ ವಿಚಾರಿಸಿಕೊಳ್ಳಿ. ಚಿಕ್ಕವರನ್ನು ಮಾತ್ರ ಅಷ್ಟು ದೂರ ಕಳಿಸಬೇಡಿ. ಒಂದರಿಂದ ಐದನೇ ತರಗತಿ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮವೇ ಇದೆ. ನನ್ನ ಮಗ ಊರ ಶಾಲೆಯಲ್ಲೇ ಒಂದನೇ ತರಗತಿ, ಆಡುತ್ತಾ ಕಲಿಯುವ ನಲಿಕಲಿ. ಶಾಲೆಯಲ್ಲಿ ಇರುವುದು ಹದಿನಾಲ್ಕೇ ಮಕ್ಕಳು, ಆದರೆ ಅವನು ಐದು ನಿಮಿಷದಲ್ಲಿ ಒಬ್ಬನೇ ನಡೆದು ಹೋಗುತ್ತಾನೆ. ಆ ಶಾಲೆಯನ್ನು ಕೆಪಿಎಸ್ ಜೊತೆ ವಿಲೀನ ಮಾಡಬೇಡಿ ಅಂತ ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಅರ್ಜಿ ಕೊಟ್ಟಿದ್ದೇವೆ.