ಕಾನ್ಸೆಪ್ಟ್ ಟೂ ರೋಅರ್ಗ್: ಉಪ್ಪುಗಾಳಿಯ ಊರಿನ ಕಾಲೇಜು ಕ್ಲಬ್ಬಿಗೆ ಕೊಡಿಸುವ ಮುನ್ನ

ಮೃಗಶಿರ ಮಳೆ ಹಿಡಿಯಿತೆಂದರೆ ಕಾರವಾರದ ಕಡೆ ರೇಸಿನ ದೋಣಿಗಳಿಗೆ ಷೆಡ್ಡೇ ಗತಿ. ಕಾಳಿ ಹೊಳೆ ಕೆಂಪಾಗಿ ಹರಿಯುತ್ತದೆ, ಕದ್ರಾ ಅಣೆಕಟ್ಟಿನ ಗೇಟು ತೆರೆದ ದಿನ ಸೆಳೆತ ಇನ್ನಷ್ಟು ಜೋರು, ಅಳಿವೆಯ ಬಾಯಲ್ಲಿ ಅಲೆ ಒಡೆಯುತ್ತಲೇ ಇರುತ್ತದೆ. ಒಬ್ಬರೇ ಕೂತು ನಡೆಸುವ ರೇಸ್ ದೋಣಿಯ ತೂಕ ಬರೀ 14 ಕಿಲೋ. ತೇಲಿಬಂದ ಒಂದು ಮರದ ತುಂಡು ಬಡಿದರೆ ಅದರ ಹೊಟ್ಟೆ ಸೀಳುತ್ತದೆ. ಕಾಲೇಜಿಗೆ ಹೊಸ ಮಕ್ಕಳು ಸೇರುವುದೂ ಇದೇ ತಿಂಗಳುಗಳಲ್ಲಿ. ಹುರುಪಿನಿಂದ ಕ್ಲಬ್ಬಿಗೆ ಹೆಸರು ಕೊಟ್ಟವರು ಮಳೆಗಾಲ ಮುಗಿಯುವ ತನಕ ಹುಟ್ಟು ಮುಟ್ಟದೆ ಕೂತರೆ, ನವರಾತ್ರಿಯ ಹೊತ್ತಿಗೆ ಎಷ್ಟು ಜನ ಉಳಿದಾರು?

ಹಾಗಾಗಿ ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಕ್ಲಬ್ಬಿಗೆ ಏನಾದರೂ ಕೊಡಿಸುವುದಾದರೆ ಇನ್ನೊಂದು ದೋಣಿಗಿಂತ ಮೊದಲು ಬೇಕಾದದ್ದು ಅರ್ಗ್, ಅಂದರೆ ನೆಲದ ಮೇಲೆ ಕೂತು ರೋಯಿಂಗ್ ಮಾಡುವ ಮಷೀನು. ಜಾರುವ ಸೀಟಿನ ಮೇಲೆ ಕೂತು ಹ್ಯಾಂಡಲ್ ಎಳೆದರೆ ಚೈನು ಮುಂದಿನ ಗೂಡಿನೊಳಗಿನ ಗಾಳಿಚಕ್ರವನ್ನು ತಿರುಗಿಸುತ್ತದೆ. ಅದರಲ್ಲೂ ಕಾನ್ಸೆಪ್ಟ್ ಟೂ ಕಂಪನಿಯ ರೋಅರ್ಗ್. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕೊಳ್ಳಿ, ಒಂದರ ಬದಲು ಎರಡು ಕೊಳ್ಳಿ. ಆದರೆ ಚೈನಿಗೆ ಎಣ್ಣೆ ಹಾಕುವ ಜವಾಬ್ದಾರಿ ಯಾರದ್ದು ಎಂದು ತೀರ್ಮಾನವಾಗುವ ತನಕ ಆರ್ಡರ್ ಮಾಡಬೇಡಿ.

ಕಂಪನಿ ಅಮೆರಿಕದ ವರ್ಮಾಂಟ್ ರಾಜ್ಯದ್ದು. 1976ರಲ್ಲಿ ಡ್ರೈಸಿಗೇಕರ್ ಸೋದರರು ರೇಸ್ ದೋಣಿಗಳಿಗೆ ಹುಟ್ಟು ತಯಾರಿಸಲು ಶುರುಮಾಡಿದರು. 1981ರಲ್ಲಿ ಬಂದ ಅವರ ಮೊದಲ ಅರ್ಗ್‌ನಲ್ಲಿ ಇದ್ದದ್ದು ಸೈಕಲ್ಲಿನ ಚಕ್ರ. ಬಹಳ ವರ್ಷ ಮಾಡೆಲ್ ಡಿ ಎಂದು ಮಾರಿದ್ದನ್ನೇ ಈಗ ರೋಅರ್ಗ್ ಎನ್ನುತ್ತಾರೆ. ಸೆಕೆಂಡ್‌ಹ್ಯಾಂಡ್ ಹುಡುಕುವವರು ಆ ಹಳೆ ಹೆಸರಿನಲ್ಲೂ ಹುಡುಕಬೇಕು. ಉದ್ದ 244 ಸೆಂ.ಮೀ., ಅಗಲ 61 ಸೆಂ.ಮೀ., ತೂಕ ಸುಮಾರು 26 ಕಿಲೋ. ನಡುವೆ ಕೊಂಡಿ ಬಿಚ್ಚಿದರೆ ಎರಡು ತುಂಡಾಗುತ್ತದೆ, ಇಬ್ಬರು ಹಿಡಿದು ಕೋಣೆಯ ಮೂಲೆಗೆ ಸರಿಸಿಡಬಹುದು. ಬಳಸುವಾಗ ಮಾತ್ರ ಒಂದೊಂದಕ್ಕೂ 9 ಅಡಿ ಉದ್ದ, 4 ಅಡಿ ಅಗಲದ ಜಾಗ ಬಿಡಿ.

ನೀರು ತುಂಬಿದ ತೊಟ್ಟಿಯಿರುವ ಮರದ ಮಷೀನುಗಳೂ ಸಿಗುತ್ತವೆ, ನೋಡಲು ಚಂದ, ಸದ್ದೂ ಹಿತ. ಮನೆಗೆ ಅವು ಸರಿ. ಕ್ಲಬ್ಬಿಗೆ ಬೇಕಾದದ್ದು ಅಂಕಿ. ಆಯ್ಕೆ ಶಿಬಿರಗಳಲ್ಲಿ ಕೇಳುವ 2,000 ಮೀಟರ್ ಸಮಯ ಕಾನ್ಸೆಪ್ಟ್ ಟೂ ಮೇಲೆ ತೆಗೆದದ್ದು. ಕುಮಟೆಯ ಹುಡುಗಿಯ ಸಮಯವನ್ನು ಪುಣೆಯವಳ ಸಮಯದ ಪಕ್ಕ ಇಟ್ಟು ನೋಡಬೇಕಾದರೆ ಇಬ್ಬರೂ ಇದೇ ಮಷೀನಿನ ಮೇಲೆ ಕೂತಿರಬೇಕು. ಇನ್ನೊಂದು ಅನುಕೂಲ ನಮ್ಮ ಮಳೆಗಾಲಕ್ಕೆಂದೇ ಮಾಡಿದಂತಿದೆ: ಇದಕ್ಕೆ ಕರೆಂಟು ಬೇಡ. ಪಿಎಂ5 ಮಾನಿಟರಿಗೆ ದೊಡ್ಡ ಟಾರ್ಚಿಗೆ ಹಾಕುವ ಡಿ ಸೈಜಿನ ಎರಡು ಸೆಲ್ ಸಾಕು. ಎಳೆಯುತ್ತಿರುವಷ್ಟು ಹೊತ್ತು ಚಕ್ರದಿಂದಲೂ ಅದು ಶಕ್ತಿ ಪಡೆಯುವುದರಿಂದ ಸೆಲ್ ಬೇಗ ಮುಗಿಯುವುದಿಲ್ಲ. ದೀಪಾವಳಿ ರಜೆಗೆ, ಪರೀಕ್ಷೆ ರಜೆಗೆ ಕೋಣೆಗೆ ಬೀಗ ಹಾಕುವ ಮೊದಲು ಸೆಲ್ ಹೊರಗೆ ತೆಗೆದಿಡಿ. ಸೋರಿದ ಸೆಲ್ಲಿನಿಂದ ತಗಡು ಕಿಲುಬು ಹಿಡಿದು ಒಳ್ಳೆಯ ಮಾನಿಟರ್ ಸುಮ್ಮನೆ ಹಾಳಾಗುತ್ತದೆ.

ಮಾನಿಟರ್ ತೋರಿಸುವ ಮುಖ್ಯ ಅಂಕಿ 500 ಮೀಟರಿಗೆ ಹಿಡಿಯುವ ಸಮಯ. ಅದರ ಹಿಂದಿನ ಲೆಕ್ಕ ಗೊತ್ತಿದ್ದರೆ ಹೊಸಬರು ಎದೆಗುಂದುವುದಿಲ್ಲ. ಒಂದು ಮೀಟರಿಗೆ ಎಷ್ಟು ಸೆಕೆಂಡು ಎಂಬುದರ ಘನದಿಂದ 2.80 ಅನ್ನು ಭಾಗಿಸಿದರೆ ವ್ಯಾಟ್, ಅಂದರೆ ಎಳೆಯುವವರು ಹಾಕುವ ಶಕ್ತಿಯ ಅಳತೆ, ಸಿಗುತ್ತದೆ. 500 ಮೀಟರಿಗೆ ಎರಡು ನಿಮಿಷ ಎಂದರೆ 2,000 ಮೀಟರಿಗೆ ಎಂಟು ನಿಮಿಷ, ಸುಮಾರು 203 ವ್ಯಾಟ್. ಅದನ್ನು ಏಳು ನಿಮಿಷಕ್ಕೆ ಇಳಿಸಲು ಬೇಕಾದದ್ದು ಸುಮಾರು 302 ವ್ಯಾಟ್. ಒಂದು ನಿಮಿಷ ಉಳಿಸುವುದಕ್ಕೆ ಒಂದೂವರೆ ಪಟ್ಟು ಶಕ್ತಿ! ಜುಲೈಯಿಂದ ಸೆಪ್ಟೆಂಬರಿಗೆ ಹತ್ತು ಸೆಕೆಂಡು ಇಳಿಸಿದವಳನ್ನು ಸೀನಿಯರ್‌ಗಳು ಮನಸಾರೆ ಮೆಚ್ಚಬೇಕು.

ಹೊಸಬರು ಮಾಡುವ ದೊಡ್ಡ ತಪ್ಪು ಡ್ಯಾಂಪರ್ ವಿಷಯದಲ್ಲಿ. ಚಕ್ರದ ಗೂಡಿನ ಪಕ್ಕ 1ರಿಂದ 10ರವರೆಗೆ ಸರಿಸುವ ಒಂದು ಹಿಡಿ ಇದೆ. ಜಿಮ್ಮಿನಿಂದ ಬಂದವರು ಅದನ್ನು ಭಾರದ ಅಳತೆ ಎಂದುಕೊಂಡು ನೇರ 10ಕ್ಕೆ ತಳ್ಳುತ್ತಾರೆ. ಆ ಹಿಡಿ ನಿರ್ಧರಿಸುವುದು ಗೂಡಿನೊಳಗೆ ಎಷ್ಟು ಗಾಳಿ ಹೋಗಬೇಕು ಎಂಬುದನ್ನಷ್ಟೇ. 10ರಲ್ಲಿ ಗಾಳಿ ಹೆಚ್ಚು, ಚಕ್ರ ಬೇಗ ನಿಧಾನವಾಗುತ್ತದೆ, ಪ್ರತಿ ಎಳೆತದಲ್ಲೂ ಅದನ್ನು ಹೊಸದಾಗಿ ಎಬ್ಬಿಸಬೇಕು. ಮರಳು ತುಂಬಿದ ದೋಣಿಯನ್ನು ಹೊಳೆಯಲ್ಲಿ ಎಳೆದ ಹಾಗೆ. ಹೀಗೇ ಮುಂದುವರಿಸಿದರೆ ಸೊಂಟ ಹಿಡಿದುಕೊಳ್ಳಬಹುದು. 3ರಿಂದ 5ರ ನಡುವೆ ಇಟ್ಟರೆ ತೆಳ್ಳಗಿನ ರೇಸ್ ದೋಣಿಯ ಅನುಭವ, ಕಾಲಿನ ತಳ್ಳುವಿಕೆಗೆ ಚಕ್ರ ತಕ್ಷಣ ಸ್ಪಂದಿಸುತ್ತದೆ.

ಇನ್ನೂ ಸರಿಯಾದ ದಾರಿ, ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಗಾಳಿ ಚಕ್ರವನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ, ನೋಡಿ ಹೊಂದಿಸುವುದು. ಮಾನಿಟರಿನ ಮೆನುವಿನಲ್ಲಿ ಮೋರ್ ಆಪ್ಷನ್ಸ್ ಒಳಗೆ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ ಹತ್ತು ಸಲ ಎಳೆದರೆ ಅಂಕಿ ಕಾಣುತ್ತದೆ. ಹುಡುಗರಿಗೆ 120ರಿಂದ 130, ಹುಡುಗಿಯರಿಗೆ 110ರಿಂದ 120 ಸಾಕು. ಡ್ಯಾಂಪರ್ 4 ಎಂದು ಬರೆದಿಟ್ಟುಕೊಂಡರೆ ಪ್ರಯೋಜನವಿಲ್ಲ. ಸಮುದ್ರಮಟ್ಟದ ಕಾರವಾರದಲ್ಲಿ 4 ಕೊಡುವ ಅಂಕಿ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳು ಗಾಳಿಯಲ್ಲಿ ಬರುವುದಿಲ್ಲ. ಗೂಡಿನ ಜಾಲರಿಯಲ್ಲಿ ಧೂಳು, ಬಟ್ಟೆಯ ನಾರು ಕಟ್ಟಿಕೊಂಡರೂ ಅಂಕಿ ಇಳಿಯುತ್ತದೆ. ನಮ್ಮ ಕಡೆಯ ತೇವದಲ್ಲಿ ಆ ಧೂಳು ಅಂಟಿನಂತೆ ಕೂತುಬಿಡುತ್ತದೆ. ಮಾನಿಟರ್ ಪ್ರತಿ ಎಳೆತದ ನಂತರ ಚಕ್ರ ಎಷ್ಟು ನಿಧಾನವಾಯಿತೆಂದು ಅಳೆದೇ ಲೆಕ್ಕ ಹಾಕುವುದರಿಂದ ಸಮಯದಲ್ಲಿ ಮೋಸವಾಗದು, ಆದರೆ ಎಳೆಯುವ ಕೈಗೆ ಮಷೀನು ಬದಲಾದಂತೆ ಅನ್ನಿಸುತ್ತದೆ. ಜಾಲರಿಯ ತೂತುಗಳಿಗೆ ಟಾರ್ಚ್ ಹಿಡಿದು ನೋಡಿ, ವ್ಯಾಕ್ಯೂಮ್ ಹಚ್ಚಿ ಧೂಳು ಎಳೆಯಿರಿ.

ಇನ್ನು ಚೈನು. ಇದು ನಿಕಲ್ ಲೇಪನದ ಉಕ್ಕು. 50 ಗಂಟೆ ಬಳಕೆಗೊಮ್ಮೆ ಎಣ್ಣೆ ಹಾಕಿ ಎಂಬುದು ಕಂಪನಿಯ ಮಾತು. ಹತ್ತು ವಿದ್ಯಾರ್ಥಿಗಳು, ಎರಡು ಮಷೀನು, ದಿನಕ್ಕೆ ತಲಾ 40 ನಿಮಿಷ ಎಂದರೆ ಪ್ರತಿ ಮಷೀನು ದಿನಕ್ಕೆ 3 ಗಂಟೆ 20 ನಿಮಿಷ ಓಡುತ್ತದೆ, ಹದಿನೈದು ದಿನಕ್ಕೆ 50 ಗಂಟೆ ತುಂಬುತ್ತದೆ. ಆದರೆ ಕಾರವಾರದ ಕೋಡಿಬಾಗದಂಥ ಕಡೆ ಕಿಟಕಿ ತೆರೆದರೆ ಬರುವುದೇ ಉಪ್ಪುಗಾಳಿ. ಇಲ್ಲಿ ವಾರಕ್ಕೊಮ್ಮೆ ಹಾಕುವುದೇ ಕ್ಷೇಮ. ಕ್ರಮ ಸರಳ: ಹ್ಯಾಂಡಲನ್ನು ಒಬ್ಬರು ಪೂರ್ತಿ ಎಳೆದು ಹಿಡಿಯಲಿ, ಇನ್ನೊಬ್ಬರು ಹಳೆ ಪಂಚೆಯ ತುಂಡಿಗೆ ಒಂದು ಟೀ ಚಮಚ ಎಣ್ಣೆ ಹಾಕಿ ಚೈನಿನ ಉದ್ದಕ್ಕೂ ಸವರಲಿ, ಆಮೇಲೆ ಒಣ ಬಟ್ಟೆಯಿಂದ ಹೆಚ್ಚಾದದ್ದನ್ನು ಒರೆಸಲಿ. ಎಣ್ಣೆ ತ್ರೀ-ಇನ್-ವನ್ ಥರದ ತೆಳು ಖನಿಜ ಎಣ್ಣೆಯಾಗಿರಬೇಕು. ಡಬ್ಲ್ಯುಡಿ-40 ಬೇಡ. ಅದು ಇರುವ ಎಣ್ಣೆಯನ್ನೂ ತೊಳೆದುಬಿಡುತ್ತದೆ. ಮನೆಯಲ್ಲಿ ಸುಲಭವಾಗಿ ಸಿಗುತ್ತದೆಂದು ತೆಂಗಿನೆಣ್ಣೆ ಹಚ್ಚಿದರೆ ಕ್ರಮೇಣ ಜಿಗುಟಾಗಿ ಧೂಳು ಹಿಡಿಯುತ್ತದೆ. ಎಳೆಯುವಾಗ ಹ್ಯಾಂಡಲಿನಲ್ಲಿ ಗರಗರ ನಡುಕ ಬಂದರೆ ಅಥವಾ ಚೈನಿನ ಒಂದು ಕೊಂಡಿ ಮಡಚಿದಂತೆ ಗಟ್ಟಿಯಾಗಿ ನಿಂತರೆ, ಎಣ್ಣೆ ಹಾಕಿ ಬೆರಳಿನಿಂದ ಆಡಿಸಿ ನೋಡಿ. ಸಡಿಲವಾಗದಿದ್ದರೆ ಚೈನು ಬದಲಿಸುವುದೇ ಸರಿ.

ಮುಗಿಸಿದ ಮೇಲೆ ಹ್ಯಾಂಡಲನ್ನು ಕೊಕ್ಕೆಗೆ ಸಿಕ್ಕಿಸಿಟ್ಟು ಹೋಗುವ ಅಭ್ಯಾಸ ಬಿಡಿಸಿ. ಹಾಗಿಟ್ಟರೆ ಒಳಗಿನ ರಬ್ಬರ್ ಹುರಿ ರಾತ್ರಿಯಿಡೀ ಎಳೆದುಕೊಂಡೇ ಇರುತ್ತದೆ. ಅದು ಸಡಿಲವಾದ ಮೇಲೆ ಹ್ಯಾಂಡಲ್ ಹಿಂದಕ್ಕೆ ಹೋಗದೆ ಜೋಲುತ್ತದೆ. ಹ್ಯಾಂಡಲ್ ಚಕ್ರದ ಗೂಡಿಗೆ ಒರಗಿರಬೇಕು. ಒಂದೇ ಕೈಯಲ್ಲಿ ಎಳೆಯುವುದು, ಚೈನು ತಿರುಚುವುದು, ಎರಡೂ ಬೇಡ. ಸೀಟು ಓಡುವ ಹಳಿಯ ಮೇಲ್ಮೈ ಸ್ಟೇನ್‌ಲೆಸ್ ಉಕ್ಕಿನದ್ದು, ತುಕ್ಕಿನ ಚಿಂತೆ ಕಡಿಮೆ. ಆದರೂ ಬೆವರು-ಧೂಳು ಕಪ್ಪಾಗಿ ಕಟ್ಟಿ ಸೀಟು ಗಡಗಡ ಅನ್ನುವುದರಿಂದ ಎದ್ದವರೇ ಒರೆಸಿ ಏಳಬೇಕು. ಹಿಂಗಾಲು ಬಣ್ಣ ಹಚ್ಚಿದ ಉಕ್ಕು. ಗೀರು ಬಿದ್ದಲ್ಲಿ ತುಕ್ಕು ಶುರು, ಆಗಲೇ ಬಣ್ಣ ಮುಟ್ಟಿಸಿ. ಪ್ಲಾಸ್ಟಿಕ್ ಶೀಟು ಹೊದಿಸಿದರೆ ಒಳಗೆ ತೇವ ನಿಲ್ಲುತ್ತದೆ, ಹತ್ತಿಯ ಹಳೆ ಚಾದರ ಮೇಲು.

ಒಂದೇ ಮಷೀನಿದ್ದರೆ ಒಬ್ಬರು ಎಳೆಯುವಾಗ ಉಳಿದವರು ಮೊಬೈಲು ನೋಡುತ್ತಾರೆ. ಎರಡು ಅಕ್ಕಪಕ್ಕ ಇಟ್ಟ ದಿನವೇ ಪೈಪೋಟಿ ಹುಟ್ಟುತ್ತದೆ. ಹಳೆ ವಿದ್ಯಾರ್ಥಿಗಳೂ ವರ್ಷಕ್ಕೊಮ್ಮೆ ಬಂದು ಈಗಿನ ತಂಡದ ಎದುರು ಎಳೆಯಲಿ. ಕಾಲೇಜು ಕ್ಲಬ್ಬುಗಳು ತಲೆಮಾರು ದಾಟುವುದು ಇಂಥ ರೂಢಿಗಳಿಂದ. ಪುಣೆಯ ಎಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ 1928ರಿಂದ ನಡೆದುಬಂದಿದೆ, ಅದರ ರೆಗಾಟಾ ಎಂಬ ದೋಣಿ ಉತ್ಸವ ಆ ಊರಿನ ಹಬ್ಬವೇ. ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಕಾಲೇಜು ರೇಸುಗಳಲ್ಲಿ ದಿನವೂ ಮುಂದಿನ ದೋಣಿಯನ್ನು ಬೆನ್ನಟ್ಟಿ ಹಿಡಿದ ತಂಡ ಹುಟ್ಟಿನ ಅಲಗಿನ ಮೇಲೆ ಎಲ್ಲರ ಹೆಸರು, ತೂಕ ಬರೆಸಿ ಗೋಡೆಗೆ ತೂಗುಹಾಕುತ್ತದೆ. ನಮ್ಮ ಕ್ಲಬ್ಬಿನ ಗೋಡೆಗೆ 2,000 ಮೀಟರ್ ಪಟ್ಟಿ ಹಾಕುವುದಾದರೆ ಹೆಸರು, ಸಮಯದ ಜೊತೆ ದಿನಾಂಕ, ಡ್ರ್ಯಾಗ್ ಫ್ಯಾಕ್ಟರ್ ಕೂಡ ಬರೆಯಿರಿ. ಇಪ್ಪತ್ತು ವರ್ಷದ ನಂತರ ಬಂದು ನೋಡುವವರಿಗೆ ಆ ಸಾಲು ಅರ್ಥವಾಗಬೇಕು. ಮಂಡಿ ನೋವಿನ ಹಿರಿಯರಿಗೆ ಎತ್ತರದ ಕಾಲಿನ ಮಾದರಿ ಇದೆ. ಮಾಮೂಲಿ ಸೀಟಿನ ಎತ್ತರ 36 ಸೆಂ.ಮೀ., ಅದರದ್ದು 51. ಅಂಥದ್ದೂ ಒಂದಿದ್ದರೆ ಹಳಬರು ಬರುವುದು ನಿಲ್ಲುವುದಿಲ್ಲ.

ಈ ಮಷೀನು ಕಲಿಸದ್ದೂ ಬಹಳವಿದೆ. ದೋಣಿಯ ಸಮತೋಲ, ಅಲಗನ್ನು ನೀರಿನಿಂದ ಎತ್ತಿ ಮಗುಚುವುದು, ಇಳಿತದ ಸೆಳೆತಕ್ಕೆ ದಿಕ್ಕು ಹಿಡಿಯುವುದು, ಇವೆಲ್ಲ ಹೊಳೆಯಲ್ಲೇ ಆಗಬೇಕು. ಎನ್‌ಸಿಸಿ ನೌಕಾ ವಿಭಾಗದಲ್ಲಿ ವೇಲರ್ ಎಂಬ ಹುಟ್ಟಿನ ದೋಣಿ ಎಳೆದವರು, ಪಾತಿದೋಣಿ ನಡೆಸಿ ಬೆಳೆದವರು ಅರ್ಗ್ ಮೇಲೆ ಮೊದಲು ತೋಳಿನಿಂದಲೇ ಎಳೆಯುತ್ತಾರೆ, ಅಲ್ಲಿ ಸೀಟು ಜಾರುವುದಿಲ್ಲವಲ್ಲ. ಇಲ್ಲಿ ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತೋಳು. ಹಿಂದಿರುಗುವಾಗ ಅದರ ತಿರುಗುಮುರುಗು. ನಿಮಿಷಕ್ಕೆ 18-20 ಎಳೆತದ ನಿಧಾನದಲ್ಲಿ ಒಂದು ತಿಂಗಳು ಇದನ್ನೇ ಮಾಡಿಸಿ.

ಕೊಳ್ಳುವಾಗ ವಾರಂಟಿ ಬರಹದಲ್ಲಿ ಕೇಳಿ. ಕಂಪನಿಯ ಲೆಕ್ಕದಲ್ಲಿ ಚೌಕಟ್ಟಿಗೆ 5 ವರ್ಷ, ಉಳಿದದ್ದಕ್ಕೆ 2 ವರ್ಷ. ಮಾರುವವರು ಕಾರವಾರಕ್ಕೆ ಬಂದು ನೋಡುತ್ತಾರೋ, ಬಿಡಿಭಾಗ ಕಳಿಸಿ ಸುಮ್ಮನಾಗುತ್ತಾರೋ ಎಂಬುದನ್ನೂ ಆಗಲೇ ಬರೆಸಿಕೊಳ್ಳಿ. ಒಂದು ಹೆಚ್ಚಿನ ಚೈನು, ಒಂದು ರಬ್ಬರ್ ಹುರಿ, ಒಂದು ಜೊತೆ ಕಾಲಿನ ಪಟ್ಟಿ ಅದೇ ಆರ್ಡರಿನಲ್ಲಿ ತರಿಸಿ. ಆಗಸ್ಟಿನಲ್ಲಿ ಚೈನು ಕೈಕೊಟ್ಟರೆ, ಹೊಸದು ಬರುವಷ್ಟರಲ್ಲಿ ದೋಣಿ ನೀರಿಗಿಳಿಯುವ ಕಾಲ ಬಂದಿರುತ್ತದೆ.