ನಾಲ್ಕು ಕಿಟಕಿ, ನಾಲ್ಕು ತರ ಅಂಟು

ನನ್ನ ಹಳೇ ಹಾಯಿದೋಣಿಯ ಕ್ಯಾಬಿನ್ನಿಗೆ ತೆರೆಯಲು ಬಾರದ ಕಿಟಕಿಗಳು ನಾಲ್ಕು. ಎಡಕ್ಕೆರಡು, ಬಲಕ್ಕೆರಡು. ನಾಲ್ಕೂ ಸೋರುತ್ತಿದ್ದವು. ಮಳೆ ಬಂದ ರಾತ್ರಿ ಹಾಸಿಗೆಯನ್ನು ಅತ್ತಿತ್ತ ಎಳೆದುಕೊಂಡು ಮಲಗುವುದು ಅಭ್ಯಾಸವೇ ಆಗಿಹೋಗಿತ್ತು. ಕೊನೆಗೆ ಬೇಜಾರಾಗಿ ಎಲ್ಲವನ್ನೂ ಕಿತ್ತೆ. ಹೊಸದನ್ನು ಕೂರಿಸುವುದು ಹೇಗೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು, ಎಲ್ಲರೂ ಆಣೆ ಇಟ್ಟು ಹೇಳಿದರು. ಸರಿ, ನಾಲ್ಕು ಕಿಟಕಿಗೆ ನಾಲ್ಕು ತರ ಮಾಡಿಯೇ ನೋಡೋಣ ಅನ್ನಿಸಿತು. ಅದಾಗಿ ಮೂರು ವರ್ಷ ಆಯಿತು.

ಕಿಟಕಿಗಳ ಕಥೆಗಿಂತ ಮೊದಲು ಕೀಳುವ ಕಥೆ. ಹಿಂದಿನ ಮಾಲೀಕರು ಸೋರಿದಾಗಲೆಲ್ಲ ಹೊರಗಿನಿಂದ ಸಿಲಿಕೋನ್ ಬಳಿದು ಬಳಿದು ಬಿಟ್ಟಿದ್ದರು. ಸಿಲಿಕೋನಿನ ಮೇಲೆ ಬೇರೇನೂ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಕಣ್ಣಿಗೆ ಕಾಣದಷ್ಟು ತೆಳು ಪದರ ಉಳಿದರೂ ಸಾಕು, ಕೆಲಸ ಕೆಡುತ್ತದೆ. ಚಾಕುವಿನಲ್ಲಿ ಕೆರೆದು, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಮೇಲೆ ನೀರು ಚಿಮುಕಿಸಿ ನೋಡುತ್ತಿದ್ದೆ. ನೀರು ಮಣಿಮಣಿಯಾಗಿ ನಿಂತರೆ ಇನ್ನೂ ಸಿಲಿಕೋನ್ ಇದೆ ಅಂತ, ಮತ್ತೆ ಉಜ್ಜು. ಎರಡು ದಿನ ಬರೀ ಇದೇ.

ಅಷ್ಟಾದ ಮೇಲೆ ಇನ್ನೊಂದು ಕಾದಿತ್ತು. ಕ್ಯಾಬಿನ್ನಿನ ಗೋಡೆ ಅಂದರೆ ಫೈಬರ್‌ಗ್ಲಾಸಿನ ಎರಡು ಪದರ, ನಡುವೆ ಬಾಲ್ಸಾ ಅನ್ನುವ ಹಗುರ ಮರ. ಕಿಟಕಿಯ ತೂತಿನ ಅಂಚಿನಲ್ಲಿ ಆ ಮರ ಬೋಳಾಗಿ ಹಾಗೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಒದ್ದೆ ಸ್ಪಂಜಿನ ಹಾಗೆ ಒಳಗೆ ಹೋಯಿತು. ಕೊಳೆತದ್ದನ್ನು ಅಂಚಿನಿಂದ ಎರಡು ಸೆಂಟಿಮೀಟರ್ ಒಳಗಿನವರೆಗೆ ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ, ಮಂದ ಮಾಡಿದ ಎಪಾಕ್ಸಿ ಅಂಟು ತುಂಬಿದೆ. ಇದನ್ನು ಬಿಟ್ಟು ಯಾವ ದುಬಾರಿ ಸೀಲಂಟ್ (ನೀರು ಬಾರದಂತೆ ಸಂದಿ ಮುಚ್ಚುವ ಅಂಟು) ಹಾಕಿದರೂ ದಂಡ.

ಈಗ ಎಡಗಡೆ ಮುಂದಿನ ಕಿಟಕಿ. ಇದಕ್ಕೆ 6 ಮಿಲಿಮೀಟರ್ ಪಾಲಿಕಾರ್ಬನೇಟ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಸುತ್ತ ಸ್ಕ್ರೂ, ಪಾಲಿಯುರಥೇನ್ ಅಂಟು. ಪಾಲಿಕಾರ್ಬನೇಟ್ ಸುತ್ತಿಗೆಯಲ್ಲಿ ಹೊಡೆದರೂ ಒಡೆಯುವುದಿಲ್ಲ, ಆ ಅಂಟು ಕಲ್ಲಿನ ಹಾಗೆ ಹಿಡಿಯುತ್ತದೆ. ಎರಡೂ ಸೇರಿದರೆ ಇನ್ನೇನು ಬೇಕು ಅಂದುಕೊಂಡಿದ್ದೆ. ಎಲ್ಲಕ್ಕಿಂತ ಮೊದಲು ಕೈಕೊಟ್ಟದ್ದು ಇದೇ. ಬಿಸಿಲು ಪಾರದರ್ಶಕ ಹಾಳೆಯನ್ನು ದಾಟಿ ನೇರ ಅಂಟಿಗೇ ಬೀಳುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಅಂಚಿಗೆ ಕಪ್ಪು ಬಣ್ಣವನ್ನೂ ಬಳಿದಿರಲಿಲ್ಲ, ಅಂಟು ಹಿಡಿಯಲೆಂದು ಮೊದಲು ಬಳಿಯುವ ಪ್ರೈಮರನ್ನೂ ಹಾಕಿರಲಿಲ್ಲ. ಒಂದೂವರೆ ವರ್ಷಕ್ಕೆ ಅಂಟಿಗೂ ಹಾಳೆಗೂ ನಡುವೆ ಉಗುರು ತೂರುವಷ್ಟು ಬಾಯಿ ಬಿಟ್ಟಿತ್ತು. ತಮಾಷೆ ಏನಂದರೆ ಫೈಬರ್‌ಗ್ಲಾಸಿನ ಕಡೆ ಅದು ಅಲ್ಲಾಡಿರಲಿಲ್ಲ. ಬಿಡಿಸುವಾಗ ಫೈಬರ್‌ಗ್ಲಾಸಿನ ಹೊಳಪು ಮೇಲ್ಪದರವಾದ ಜೆಲ್‌ಕೋಟಿನ ಚಕ್ಕೆಗಳೇ ಕಿತ್ತುಬಂದವು. ಪಾಲಿಕಾರ್ಬನೇಟಿನ ಮೈ ಮೆತ್ತಗೆ, ಉಪ್ಪು ಕಟ್ಟಿದ ಬಟ್ಟೆಯಲ್ಲಿ ಒರೆಸಿದರೆ ಗೀರು. ಅಕ್ರಿಲಿಕ್ ಅನ್ನುವ ಇನ್ನೊಂದು ಪಾರದರ್ಶಕ ಪ್ಲಾಸ್ಟಿಕ್ಕಿಗಿಂತ ಬಾಗುವುದೂ ಜಾಸ್ತಿ. ತೆರೆಗಳು ಬಂದು ಅಪ್ಪಳಿಸುವ ದೂರದ ಸಮುದ್ರಯಾನಕ್ಕೆ ಅದರ ಗಟ್ಟಿತನ ಬೇಕಾಗಬಹುದು. ನನ್ನಂಥವರಿಗೆ ಬೇಡ.

ಉಳಿದ ಮೂರಕ್ಕೂ 10 ಮಿಲಿಮೀಟರಿನ ಅಕ್ರಿಲಿಕ್, ಅದೂ ಅಚ್ಚಿನಲ್ಲಿ ಎರೆದದ್ದು. ಯಂತ್ರದಿಂದ ಹಿಂಡಿ ತೆಗೆದ ಹಾಳೆ ಅಗ್ಗ, ಆದರೆ ಬೇಗ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಒಂದು ಮಾತು: ಅಕ್ರಿಲಿಕ್ ಒರೆಸಲು ಅಸಿಟೋನ್ ಮುಟ್ಟಬೇಡಿ. ನಾನು ಒಂದು ತುಂಡನ್ನು ಬಗ್ಗಿಸಿ ಹಿಡಿದು ಎರಡು ಹನಿ ಬಿಟ್ಟು ನೋಡಿದೆ. ನೋಡನೋಡುತ್ತಲೇ ಜೇಡರ ಬಲೆ ಹರಡಿದಂತಾಯಿತು. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಹಾಗೆಯೇ ಪಾಲಿಸಲ್ಫೈಡ್ ಸೀಲಂಟ್ ಕೂಡ ಈ ಎರಡು ಪ್ಲಾಸ್ಟಿಕ್ಕಿಗೂ ಆಗಿಬರುವುದಿಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ಅದು ಇಲ್ಲ.

ಎಡಗಡೆ ಹಿಂದಿನದಕ್ಕೆ ಬ್ಯುಟೈಲ್ ಟೇಪ್ (ಮೆತ್ತಗಿನ ರಬ್ಬರಿನಂಥ ಅಂಟುಪಟ್ಟಿ) ಮತ್ತು ಸ್ಕ್ರೂ. ಕೆಲಸ ಮಾಡಲು ಇದರಷ್ಟು ಆರಾಮ ಬೇರೆ ಇಲ್ಲ. ಕೈ ಗಲೀಜಿಲ್ಲ, ಅವಸರವಿಲ್ಲ, ತಪ್ಪಾದರೆ ಬಿಚ್ಚಿ ಮತ್ತೆ ಕೂರಿಸಬಹುದು. ದಿನಕ್ಕೆ ಸ್ವಲ್ಪ ಸ್ವಲ್ಪ ಸ್ಕ್ರೂ ಬಿಗಿ ಮಾಡುತ್ತಾ ನಾಲ್ಕು ದಿನದಲ್ಲಿ ಮುಗಿಸಿದೆ. ಮೊದಲ ವರ್ಷ ಒಂದು ಹನಿ ಇಲ್ಲ. ಎರಡನೇ ಬೇಸಿಗೆಯಲ್ಲಿ ಕೆಳ ಅಂಚಿನಿಂದ ಬ್ಯುಟೈಲೇ ಕಪ್ಪಗೆ ಒಸರತೊಡಗಿತು. ಅದಕ್ಕೆ ಧೂಳು ಮೆತ್ತಿ ಕಾಡಿಗೆ ಅಳಿಸಿದ ಹಾಗೆ ಕಾಣುತ್ತಿತ್ತು. ಸ್ಕ್ರೂ ಬಿಗಿ ಮಾಡಿದೆ, ಟೇಪ್ ಇನ್ನೂ ತೆಳುವಾಯಿತು. ಈಗ ಜೋರು ಮಳೆಗೆ ಒಂದು ಮೂಲೆ ಜಿನುಗುತ್ತದೆ. ಡೆಕ್ಕಿನ ಮೇಲಿನ, ಹಗ್ಗ ಕಟ್ಟುವ ಕ್ಲೀಟು, ಕಂಬಗಳಿಗೆ ನಾನು ಇವತ್ತಿಗೂ ಬ್ಯುಟೈಲನ್ನೇ ಹಾಕುತ್ತೇನೆ. ಫ್ರೇಮ್ ಇಲ್ಲದ ಉದ್ದನೆಯ ಅಕ್ರಿಲಿಕ್ಕಿಗೆ ಮಾತ್ರ ಹಾಕುವುದಿಲ್ಲ.

ಯಾಕೆ ಅಂದರೆ ಹಾಳೆ ಸುಮ್ನೆ ಕೂತಿರುವುದಿಲ್ಲ. ನನ್ನ ಕಿಟಕಿ 90 ಸೆಂಟಿಮೀಟರ್ ಉದ್ದ. ಬಿಸಿಲಿಗೆ 30 ಡಿಗ್ರಿ ಏರಿದರೆ ಅಕ್ರಿಲಿಕ್ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಫೈಬರ್‌ಗ್ಲಾಸ್ ಅದರ ಅರ್ಧದಷ್ಟೂ ಬೆಳೆಯುವುದಿಲ್ಲ. ದಿನಾ ಬೆಳಗ್ಗೆ ಹಿಗ್ಗಿ ರಾತ್ರಿ ಕುಗ್ಗುವ ಈ ಎಳೆದಾಟವನ್ನು ತಾಳಬೇಕಾದ್ದು ನಡುವಿನ ಸೀಲಂಟ್. ಅದು ಕಾಗದದಷ್ಟು ತೆಳುವಾಗಿದ್ದರೆ ಎಲ್ಲಿ ಹಿಗ್ಗೀತು? ಹರಿಯುತ್ತದೆ, ಅಷ್ಟೇ.

ಬಲಗಡೆಯ ಎರಡಕ್ಕೂ ಸೀಲಂಟ್ ಒಂದೇ: ಗಾಜಿನ ಕಟ್ಟಡಗಳಿಗೆ ಬಳಸುವ ಸ್ಟ್ರಕ್ಚರಲ್ ಸಿಲಿಕೋನ್, ಡೌಸಿಲ್ 795. ಬಚ್ಚಲುಮನೆಗೆ ಹಾಕುವ, ವಿನಿಗರ್ ವಾಸನೆ ಹೊಡೆಯುವ ಸಿಲಿಕೋನ್ ಅಲ್ಲ. ಹಿಂದಿನ ಕಿಟಕಿಗೆ ಸ್ಕ್ರೂ ಹಾಕಿದೆ. ಆದರೆ 5 ಮಿಲಿಮೀಟರ್ ಸ್ಕ್ರೂಗೆ 7 ಮಿಲಿಮೀಟರ್ ತೂತು, ಚಪ್ಪಟೆ ವಾಷರ್, ಮತ್ತು ಹಾಳೆಯ ಕೆಳಗೆ ಅಲ್ಲಲ್ಲಿ 3 ಮಿಲಿಮೀಟರಿನ ರಬ್ಬರ್ ತುಂಡುಗಳು. ಆ ತುಂಡುಗಳಿಲ್ಲದಿದ್ದರೆ ಸ್ಕ್ರೂ ಬಿಗಿ ಮಾಡುವ ಆಸೆಗೆ ಸೀಲಂಟೆಲ್ಲ ಹೊರಗೆ ಬಂದುಬಿಡುತ್ತದೆ. ತಲೆ ಒಳಗೆ ಹುದುಗುವ ಕೌಂಟರ್‌ಸಂಕ್ ಸ್ಕ್ರೂ ಬೇಡವೇ ಬೇಡ, ಅದು ಅಕ್ರಿಲಿಕ್ಕನ್ನು ಬೆಣೆ ಹೊಡೆದ ಹಾಗೆ ಸೀಳುತ್ತದೆ.

ಮುಂದಿನದಕ್ಕೆ ಸ್ಕ್ರೂವೇ ಇಲ್ಲ. ಎರಡು ಕಡೆ ಅಂಟುವ ದಪ್ಪ ವಿಎಚ್‌ಬಿ ಟೇಪ್ ಒಳ ಅಂಚಿಗೆ, ಅದರ ಹೊರಗೆ ಸುತ್ತಲೂ ಅದೇ ಸಿಲಿಕೋನ್. ಸೀಲಂಟಿನ ದಪ್ಪವನ್ನು ಟೇಪೇ ಕಾಯುತ್ತದೆ. ನೋಡಲು ಬಹಳ ಚೆಂದ, ತೂತಿಲ್ಲದ ನುಣುಪು ಕಿಟಕಿ. ಆದರೆ ಕೂರಿಸುವಾಗ ಎದೆ ಡವಡವ. ಒಮ್ಮೆ ತಾಗಿತೋ ಮುಗಿಯಿತು, ಸರಿಸಲು ಆಗುವುದಿಲ್ಲ. ಕೆಳಗೆ ಎರಡು ಮರದ ತುಂಡು ಆಧಾರ ಇಟ್ಟು, ಅದರ ಮೇಲೆ ಹಾಳೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಒತ್ತಿದೆ. ಆದರೂ ಹಿಂಬದಿ 2 ಮಿಲಿಮೀಟರ್ ಏರಿದೆ. ನನಗೆ ಮಾತ್ರ ಕಾಣುತ್ತದೆ, ದಿನಾ ಕಾಣುತ್ತದೆ.

ಸೋರಿಕೆಯಲ್ಲಿ ಬಲಗಡೆಯ ಎರಡೂ ಸಮ. ಮೂರು ವರ್ಷಕ್ಕೆ ಒಂದು ಹನಿಯೂ ಇಲ್ಲ. ಆದರೂ ಯಾವುದು ಅಂತ ಕೇಳಿದರೆ ನನ್ನ ಮತ ಸ್ಕ್ರೂ ಇರುವುದಕ್ಕೆ. ನನ್ನ ಕ್ಯಾಬಿನ್ನಿನ ಗೋಡೆ ಮುಂದೆ ಹೋದಂತೆ ಸ್ವಲ್ಪ ಬಾಗಿದೆ. ಬಗ್ಗಿಸಿ ಅಂಟಿಸಿದ ಹಾಳೆ ನೆಟ್ಟಗಾಗಲು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಮುಂತುದಿಯಲ್ಲಿ ಟೇಪ್ ಕಾಲು ಇಂಚಿನಷ್ಟು ಬೆಳ್ಳಗಾಗಿದೆ, ಅಂದರೆ ಅಲ್ಲಿ ಬಿಟ್ಟಿದೆ. ನೀರು ತಡೆದಿರುವುದು ಹೊರಗಿನ ಸಿಲಿಕೋನ್ ಒಂದೇ. ಗೋಡೆ ಮಟ್ಟಸವಾಗಿದ್ದರೆ ಟೇಪ್ ಧಾರಾಳವಾಗಿ ಹಾಕಿ.

ಎಡಗಡೆ ಮುಂದಿನದನ್ನು ಕಳೆದ ವರ್ಷ ಕಿತ್ತು ಅಕ್ರಿಲಿಕ್, ರಬ್ಬರ್ ತುಂಡು, ದೊಡ್ಡ ತೂತು, ಸಿಲಿಕೋನ್ ಕ್ರಮದಲ್ಲೇ ಮತ್ತೆ ಕೂರಿಸಿದೆ. ಈ ಸಲ ಅಂಚಿಗೆ ಕಪ್ಪು ಬಣ್ಣವನ್ನೂ ಬಳಿದೆ. ಎರಡು ವಾರ ಮುಟ್ಟದೆ ಬಿಟ್ಟು, ಆಮೇಲೆ ಪೈಪಿನಲ್ಲಿ ಹತ್ತು ನಿಮಿಷ ನೀರು ಹೊಡೆದೆ. ಒಳಗೆ ಅಂಚಿನುದ್ದಕ್ಕೂ ಟಿಶ್ಯೂ ಕಾಗದ ಅಂಟಿಸಿಟ್ಟಿದ್ದೆ. ಒಂದು ತುಂಡು ಒದ್ದೆಯಾಗಿತ್ತು. ತಲೆ ಕೆಟ್ಟುಹೋಯಿತು. ಹುಡುಕಿದರೆ ಅದು ಕಿಟಕಿಯದಲ್ಲ, ಮೇಲೆ ಕೈ ಹಿಡಿದುಕೊಳ್ಳುವ ಕಂಬಿಯ ಬೋಲ್ಟಿನಿಂದ ಇಳಿದ ನೀರು.